ಕಾವಲು ಬೇರೆ, ಬೇಹುಗಾರಿಕೆ ಬೇರೆ

(ಗೊಟ್ಟಿಗೆರೆಯಲ್ಲಿ ಜರಗಿದ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ. ಇದೇ ಬಡಾವಣೆಯ ತಾಯಿಯೊಬ್ಬರು ಕಳೆದ ಸಭೆಯ ಬಳಿಕ ಅದನ್ನು ನಮ್ಮ ಮುಂದಿಟ್ಟರು. “ಭಾಯ್‌ಸಾಬ್, ಮಗಳು ಕಾಲೇಜಿಗೆ ಹೋಗಲು ಎರಡು ಬಸ್ಸು ಬದಲಾಯಿಸಬೇಕು. ಚಳಿಗಾಲದಲ್ಲಿ ಮನೆ ಸೇರುವಾಗ ಮಗ್ರಿಬ್ ಆಗಿರುತ್ತದೆ. ಅವಳು ಎಲ್ಲಿದ್ದಾಳೆಂದು ನಮ್ಮ ಫೋನಿನಲ್ಲಿ ತೋರಿಸುವ ಆ್ಯಪ್ ಇದೆಯಂತೆ. ಅದನ್ನು ಹಾಕಿಸಬಹುದೇ?” ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು: “ಅವಳಿಗೆ ಹೇಳದೆ ಹಾಕಿಸಿದರೆ ತಪ್ಪೇ?”

ಮೊದಲ ಪ್ರಶ್ನೆ ಮಮತೆಯದ್ದು, ಎರಡನೆಯದು ಅಂಜಿಕೆಯದ್ದು. ನಮ್ಮ ಉತ್ತರವನ್ನು ಆರಂಭದಲ್ಲೇ ಹೇಳಿಬಿಡುತ್ತೇವೆ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಏಕೆ ಹೌದು, ಏಕೆ ಇಲ್ಲ ಎಂಬುದನ್ನು ವಿವರಿಸುವುದೇ ಇಂದಿನ ಮಾತಿನ ಉದ್ದೇಶ.

ಅಂಜಿಕೆ ಆಧಾರರಹಿತವಲ್ಲ

ಹೆತ್ತವರ ಭಯವನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಬನ್ನೇರುಘಟ್ಟ ರಸ್ತೆಯನ್ನೇ ನೋಡಿರಿ. ಎರಡು ತಲೆಮಾರುಗಳ ಹಿಂದೆ ಗೊಟ್ಟಿಗೆರೆ ಎಂದರೆ ಕೆರೆ, ಹೊಲ, ಒಂದಿಷ್ಟು ಮನೆಗಳು. ಯಾರ ಮಗ ಯಾವ ದಾರಿಯಲ್ಲಿ ಹೋದನೆಂದು ಊರಿಗೇ ತಿಳಿಯುತ್ತಿತ್ತು. ಇಂದು ಇದೇ ರಸ್ತೆಯಲ್ಲಿ ಕಾಲೇಜು, ಆಸ್ಪತ್ರೆ, ಕಚೇರಿ, ಮಾಲುಗಳು ಸಾಲಾಗಿ ನಿಂತಿವೆ. ನೈಸ್ ರಸ್ತೆಯ ವಾಹನಗಳು ಬಂದು ಸೇರುತ್ತವೆ. ಮೆಟ್ರೊ ಕಾಮಗಾರಿ ನಡೆದ ವರ್ಷಗಳಲ್ಲಿ ನಡೆಯುವವರಿಗೆ ಕಾಲುದಾರಿಯೇ ಇರಲಿಲ್ಲ. ಮೆಜೆಸ್ಟಿಕ್‌ನಿಂದ ಹೊರಟ 365 ಸಂಖ್ಯೆಯ ಬಸ್ಸು ಯಾವಾಗ ಇಲ್ಲಿಗೆ ಮುಟ್ಟುತ್ತದೆಂದು ಚಾಲಕನೂ ಹೇಳಲಾರ. ಜನ ಹೆಚ್ಚಾದರು, ಪರಿಚಯ ಕಡಿಮೆಯಾಯಿತು. ಪರಿಚಯವಿಲ್ಲದ ನೆರೆಯಲ್ಲಿ ಭಯ ಬೆಳೆಯುವುದು ಸಹಜ.

ಈ ನಗರಕ್ಕೆ ಕಹಿ ನೆನಪುಗಳೂ ಇವೆ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್‌ಸೆಂಟರೊಂದರ ಯುವ ಉದ್ಯೋಗಿಯೊಬ್ಬಳು, ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ವಾಹನದ ಚಾಲಕನಿಂದಲೇ ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ರಾತ್ರಿ ದುಡಿಯುವ ಹೆಣ್ಣುಮಕ್ಕಳ ಪ್ರಯಾಣದ ಹೊಣೆ ಯಾರದ್ದೆಂಬ ಪ್ರಶ್ನೆ ದೇಶದ ಮುಂದೆ ಬಂದದ್ದು ಆಗಲೇ. 2012ರ ಡಿಸೆಂಬರ್‌ನಲ್ಲಿ ದಿಲ್ಲಿಯ ಬಸ್ಸಿನಲ್ಲಿ ನಡೆದ ಕ್ರೌರ್ಯದ ನಂತರ ನಿರ್ಭಯಾ ನಿಧಿ ಬಂತು. ಮಾರಾಟವಾಗುವ ಪ್ರತಿಯೊಂದು ಮೊಬೈಲಿನಲ್ಲೂ 2017ರಿಂದ ತುರ್ತು ಕರೆಯ ಗುಂಡಿ, 2018ರಿಂದ ಸ್ಥಳ ತಿಳಿಸುವ ಜಿಪಿಎಸ್ ಸೌಲಭ್ಯ ಇರಬೇಕೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ರೂಪಿಸಿತು. ಅಂದರೆ ನಮ್ಮ ಕಿಸೆಯಲ್ಲಿರುವ ಫೋನು ನಾವು ಎಲ್ಲಿದ್ದೇವೆಂದು ಹೇಳಬಲ್ಲ ಸಾಧನವಾಗಿರುವುದರ ಹಿಂದೆ ಹೆಣ್ಣುಮಕ್ಕಳ ನೋವಿನ ಚರಿತ್ರೆಯೂ ಇದೆ.

ಹಾಗಾದರೆ ಮಗುವಿನ ಜಾಡನ್ನು ಅರಿಯಲು ಬಯಸುವುದು ಅಲ್ಲಾಹನ ಮೇಲಿನ ಭರವಸೆಯ ಕೊರತೆಯೇ? ಖಂಡಿತ ಅಲ್ಲ. ಮೊದಲು ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರ ತಾಯಿಯ ಪ್ರಸಂಗವಿದೆ. ಹಸುಳೆಯನ್ನು ನದಿಗೆ ಬಿಟ್ಟ ಆ ತಾಯಿ, ಅವನ ಜಾಡು ಹಿಡಿದು ಹೋಗು ಎಂದು ಮಗಳನ್ನು ಕಳುಹಿಸಿದರು. ಆಕೆ ದೂರದಿಂದಲೇ ಕಾಯುತ್ತಾ ಹೋದಳು. ಅಲ್ಲಾಹನ ವಾಗ್ದಾನ ಪಡೆದಿದ್ದ ತಾಯಿಯೂ ಜಾಡು ನೋಡುವುದನ್ನು ಬಿಡಲಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಸಹೋದರಿ ಅಡಗಿ ನೋಡಿದ್ದು ಫಿರ್‌ಔನನ ಕಡೆಯವರಿಂದಲೇ ಹೊರತು ಮಗುವಿನ ತಪ್ಪು ಹಿಡಿಯಲಿಕ್ಕಲ್ಲ. ಮಗುವನ್ನು ಮರಳಿ ತಾಯಿಯ ಮಡಿಲಿಗೆ ಸೇರಿಸುವುದೇ ಆಕೆಯ ಗುರಿಯಾಗಿತ್ತು. ಇದು ಕಾವಲು. ಬೇಹುಗಾರಿಕೆಯ ಗುರಿ ಇನ್ನೊಂದೇ.

ಫೋನು ಸ್ಥಳ ಹೇಳುವುದು ಹೇಗೆ?

ಸಾಧನವನ್ನು ಬಳಸುವ ಮುನ್ನ ಅದು ಕೆಲಸ ಮಾಡುವ ಬಗೆಯನ್ನು ಅರಿಯಬೇಕು. ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಸಂಕೇತಗಳನ್ನು ಕಳುಹಿಸುತ್ತಲೇ ಇರುತ್ತವೆ. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳನ್ನು ಹಿಡಿದು, ಅವು ಬರಲು ತಗಲಿದ ಸಮಯವನ್ನು ಲೆಕ್ಕಹಾಕಿ ತನ್ನ ಸ್ಥಳವನ್ನು ತಾನೇ ಕಂಡುಕೊಳ್ಳುತ್ತದೆ. ಇದನ್ನು ಅಮೆರಿಕದ ಸೇನೆ ತನಗಾಗಿ ಕಟ್ಟಿತ್ತು. 1983ರ ಸೆಪ್ಟೆಂಬರ್‌ನಲ್ಲಿ ದಾರಿ ತಪ್ಪಿದ ಕೊರಿಯನ್ ಪ್ರಯಾಣಿಕ ವಿಮಾನವನ್ನು ಸೋವಿಯತ್ ಯುದ್ಧವಿಮಾನ ಹೊಡೆದುರುಳಿಸಿ 269 ಮಂದಿ ಸತ್ತ ಬಳಿಕ, ಈ ವ್ಯವಸ್ಥೆಯನ್ನು ನಾಗರಿಕರಿಗೂ ಒದಗಿಸುವುದಾಗಿ ಅಮೆರಿಕ ಘೋಷಿಸಿತು. 2000ದ ಮೇ ತಿಂಗಳವರೆಗೂ ನಾಗರಿಕರಿಗೆ ಸಿಗುವ ಸಂಕೇತವನ್ನು ಅದು ಬೇಕೆಂದೇ ಮಸುಕುಗೊಳಿಸುತ್ತಿತ್ತು. ಪರರ ವ್ಯವಸ್ಥೆಯನ್ನೇ ನಂಬಿಕೊಂಡಿರಬಾರದೆಂದು ಭಾರತ ನಾವಿಕ್ ಎಂಬ ತನ್ನದೇ ಯೋಜನೆಯನ್ನು ಕೈಗೊಂಡಿತು. ಅದರ ಭೂಕೇಂದ್ರ 2013ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಇಷ್ಟು: ಉಪಗ್ರಹಕ್ಕೆ ನಾವು ಎಲ್ಲಿದ್ದೇವೆಂದು ತಿಳಿಯುವುದಿಲ್ಲ. ಅದು ಹೇಳುತ್ತದೆ, ಫೋನು ಕೇಳುತ್ತದೆ. ಫೋನು ಕಂಡುಕೊಂಡ ಸ್ಥಳವನ್ನು ಇಂಟರ್‌ನೆಟ್ ಮೂಲಕ ಹೊರಗೆ ಕಳುಹಿಸುವುದು ಆ್ಯಪ್. ಮಗಳ ಫೋನಿನಿಂದ ಹೊರಟ ಮಾಹಿತಿ ನೇರವಾಗಿ ತಾಯಿಯ ಫೋನಿಗೆ ಬರುವುದಿಲ್ಲ. ನಡುವೆ ಕಂಪೆನಿಯೊಂದರ ಗಣಕಯಂತ್ರವನ್ನು ಹಾದು ಬರುತ್ತದೆ. ಇನ್ನೊಂದು ಮಾತು. ಬಯಲಿನಲ್ಲಿ ಕೆಲವೇ ಮೀಟರುಗಳಷ್ಟು ನಿಖರವಾಗಿರುವ ಈ ಲೆಕ್ಕ, ಎತ್ತರದ ಕಟ್ಟಡಗಳ ನಡುವೆ ಮತ್ತು ಮನೆಯೊಳಗೆ ಜಾರುತ್ತದೆ. ಉಪಗ್ರಹ ಸಿಗದಲ್ಲಿ ಫೋನು ವೈಫೈ ಮತ್ತು ಮೊಬೈಲ್ ಗೋಪುರಗಳ ಆಧಾರದಿಂದ ಅಂದಾಜು ಮಾಡುತ್ತದೆ. ಅಂದಾಜನ್ನು ಸತ್ಯವೆಂದು ತಿಳಿದರೆ ಏನಾಗುತ್ತದೆಂಬುದಕ್ಕೆ ಮುಂದೆ ಬರುತ್ತೇವೆ.

ಉಪಕಾರವಾದ ಬಗೆ

ನಮಗೆ ಪರಿಚಿತರಾದ ಕುಟುಂಬವೊಂದರಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದಾರೆ. ನೆನಪು ಕ್ಷೀಣಿಸುತ್ತಿದೆ. ಒಂದು ದಿನ ಫಜ್ರ್ ನಮಾಝಿಗೆಂದು ಹೊರಟವರು ಮಸೀದಿಯಿಂದ ಮರಳಲಿಲ್ಲ. ಪುಣ್ಯಕ್ಕೆ ಫೋನು ಜುಬ್ಬಾದ ಕಿಸೆಯಲ್ಲಿತ್ತು. ಮಗ ನಕ್ಷೆ ತೆರೆದು ನೋಡಿದರೆ ಬಿಂದು ಜಯದೇವ ಆಸ್ಪತ್ರೆಯತ್ತ ಸರಿಯುತ್ತಿತ್ತು. ಬಸ್ಸು ಹತ್ತಿಬಿಟ್ಟಿದ್ದರು. ಅರ್ಧ ಗಂಟೆಯಲ್ಲಿ ಮಗ ಅವರನ್ನು ಸೇರಿದನು. “ಅಬ್ಬಾ, ಮನೆಗೆ ಹೋಗೋಣವೇ?” ಎಂದು ಕೈಹಿಡಿದು ಕರೆತಂದನು. ಇಂತಹ ಮನೆಗಳಿಗೆ ಈ ಆ್ಯಪ್ ಒಂದು ಅನುಗ್ರಹ.

ಆದರೆ ಎರಡನೆಯ ಸಲ ಅವರು ಹೊರಟಾಗ ಫೋನು ಚಾರ್ಜಿಗೆ ಹಾಕಿದಲ್ಲೇ ಇತ್ತು. ನಕ್ಷೆಯಲ್ಲಿ ಬಿಂದು ಮನೆಯಲ್ಲೇ ಕುಳಿತಿತ್ತು, ಹಿರಿಯರು ಮನೆಯಲ್ಲಿರಲಿಲ್ಲ. ಅಂದು ಅವರನ್ನು ಕರೆತಂದದ್ದು ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯ ಹಿಂದೂ ಸಹೋದರರೊಬ್ಬರು. ಮುಖ ಗುರುತಿಸಿ, ಕೂರಿಸಿ, ಚಹಾ ಕೊಟ್ಟು, ಕಿಸೆಯಲ್ಲಿದ್ದ ಚೀಟಿಯ ಸಂಖ್ಯೆಗೆ ಕರೆ ಮಾಡಿದರು. ಆ ಚೀಟಿಯನ್ನು ಬರೆದಿಟ್ಟಿದ್ದವಳು ಸೊಸೆ. ಈ ಎರಡು ಘಟನೆಗಳನ್ನು ಒಟ್ಟಿಗೆ ನೆನಪಿಡಬೇಕೆಂದು ನಮ್ಮ ವಿನಂತಿ.

ಬಿಂದುವಿಗೆ ಮಹಡಿಗಳು ತಿಳಿಯವು

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಈ ಘಟನೆಯನ್ನು ನಮಗೆ ಹೇಳಿದವರು ಆ ಹುಡುಗಿಯ ತಂದೆಯೇ. ಇತರರಿಗೆ ಪಾಠವಾಗಲೆಂದು ಹೇಳಲು ಅನುಮತಿಯನ್ನೂ ಕೊಟ್ಟಿದ್ದಾರೆ. ಮಗಳು ಬಿಕಾಂ ವಿದ್ಯಾರ್ಥಿನಿ. ತಂದೆ ಮೊಬೈಲ್ ಅಂಗಡಿಯವನೊಬ್ಬನಿಂದ ಅವಳ ಫೋನಿನಲ್ಲಿ ಕಣ್ಣಿಗೆ ಕಾಣದಂತೆ ಆ್ಯಪ್ ಹಾಕಿಸಿದರು. ಒಂದು ಸಂಜೆ ಬಿಂದು ಜೆ.ಪಿ. ನಗರದ ಕಟ್ಟಡವೊಂದರಲ್ಲಿ ನಲವತ್ತು ನಿಮಿಷ ನಿಂತಿತು. ಆ ವಿಳಾಸದಲ್ಲಿದ್ದದ್ದು ಒಂದು ವಸತಿಗೃಹ. ತಂದೆಯ ಕಣ್ಣು ಕತ್ತಲಿಟ್ಟಿತು. ಇಬ್ಬರು ಬಂಧುಗಳನ್ನು ಕರೆದುಕೊಂಡು ಧಾವಿಸಿದರು. ಮಗಳು ಅದೇ ಕಟ್ಟಡದ ನೆಲಮಹಡಿಯ ಜೆರಾಕ್ಸ್ ಅಂಗಡಿಯಲ್ಲಿ ಗೆಳತಿಯರೊಂದಿಗೆ ಪ್ರಾಜೆಕ್ಟ್ ವರದಿಗೆ ಬೈಂಡಿಂಗ್ ಮಾಡಿಸುತ್ತಾ ನಿಂತಿದ್ದಳು. ವಸತಿಗೃಹ ಇದ್ದದ್ದು ಮೇಲಿನ ಮಹಡಿಯಲ್ಲಿ. ಅಷ್ಟರಲ್ಲಿ ಆಡಬಾರದ ಮಾತುಗಳು ಬೀದಿಯಲ್ಲಿ ಆಡಿ ಮುಗಿದಿದ್ದವು.

ಮರುದಿನದಿಂದ ಮಗಳು ಏನು ಮಾಡಿದಳು? ಕಾಲೇಜಿನಿಂದ ಹೊರಗೆ ಹೋಗುವುದಿದ್ದರೆ ಫೋನನ್ನು ಗೆಳತಿಯ ಚೀಲದಲ್ಲಿಟ್ಟು ಹೋಗತೊಡಗಿದಳು. ಬಿಂದು ಕಾಲೇಜಿನಲ್ಲಿ, ಮಗಳು ಫೋನಿಲ್ಲದೆ ಬೀದಿಯಲ್ಲಿ. ಕೆಲವು ವಾರಗಳ ಬಳಿಕ ಒಂದು ರಾತ್ರಿ ಬಸ್ಸು ಹುಳಿಮಾವಿನ ಬಳಿ ಕೆಟ್ಟುನಿಂತಿತು. ಅಂದು ಫೋನು ಅವಳ ಕೈಯಲ್ಲೇ ಇತ್ತು. ಆದರೂ ಅವಳು ಮನೆಗೆ ಕರೆ ಮಾಡಲಿಲ್ಲ. ‘ಅಲ್ಲಿ ಏಕೆ ಇಳಿದೆ’ ಎಂಬ ಪ್ರಶ್ನೆ ಬರುತ್ತದೆಂದು ಹೆದರಿ, ಮಳೆಯಲ್ಲಿ ಒಬ್ಬಳೇ ನಡೆದು ಮನೆ ಸೇರಿದಳು. “ನನ್ನ ಮಗಳು ಕತ್ತಲೆಗಿಂತ ನನಗೆ ಹೆಚ್ಚು ಹೆದರಿದಳು” ಎಂದು ಆ ತಂದೆ ನಮ್ಮೆದುರು ಕಣ್ಣೀರಿಟ್ಟರು.

ಸಹೋದರರೇ, ಸುರಕ್ಷೆಗೆಂದು ತಂದ ಸಾಧನವು ಸುರಕ್ಷೆಯನ್ನೇ ಕಸಿದುಕೊಂಡ ಬಗೆಯಿದು. ಆಪತ್ತಿನಲ್ಲಿ ಮಕ್ಕಳು ಮೊದಲು ನಮಗೆ ಕರೆ ಮಾಡಬೇಕು. ಅದಕ್ಕಿಂತ ದೊಡ್ಡ ಸುರಕ್ಷೆ ಯಾವ ಆ್ಯಪ್‌ನಲ್ಲೂ ಇಲ್ಲ. ಆ ಧೈರ್ಯವನ್ನು ಮುರಿದವರು ಮಗಳ ಕಾವಲು ಕಾದವರಲ್ಲ.

ಧರ್ಮದ ಮಾತು ಇಲ್ಲಿ ಸ್ಪಷ್ಟವಿದೆ. ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತ ಮೂರು ಕೆಡುಕುಗಳನ್ನು ಒಂದೇ ಸರಪಣಿಯಂತೆ ನಿಷೇಧಿಸಿದೆ: ಅತಿಯಾದ ಗುಮಾನಿ, ಪರರ ಗುಟ್ಟನ್ನು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು. ಒಂದು ಇನ್ನೊಂದಕ್ಕೆ ದಾರಿ. ಗುಮಾನಿ ಆ್ಯಪ್ ಹಾಕಿಸುತ್ತದೆ. ಆ್ಯಪ್ ಅರೆಬರೆ ಸುದ್ದಿ ಕೊಡುತ್ತದೆ. ಆ ಸುದ್ದಿ ಬಂಧುಬಳಗದ ಬಾಯಿಗೆ ಬೀಳುತ್ತದೆ. ಮನೆಯೊಳಗೂ ಮೂರು ಹೊತ್ತು ಅನುಮತಿ ಕೇಳದೆ ಪರರ ಕೋಣೆ ಪ್ರವೇಶಿಸಬಾರದೆಂದು ಅನ್ನೂರ್ ಅಧ್ಯಾಯ ಪುಟ್ಟ ಮಕ್ಕಳಿಗೂ ಕಲಿಸಿದೆ. ದೀರ್ಘ ಪ್ರಯಾಣದಿಂದ ಮರಳುವವನು ಮನೆಯವರ ತಪ್ಪು ಹಿಡಿಯುವ ಉದ್ದೇಶದಿಂದ ಅಪರಾತ್ರಿಯಲ್ಲಿ ಏಕಾಏಕಿ ಬಂದಿಳಿಯುವುದನ್ನು ಪ್ರವಾದಿ(ಸ)ಯವರು ತಡೆದರೆಂದು ಜಾಬಿರ್(ರ)ರಿಂದ ವರದಿಯಾಗಿದೆ. ಮನೆಯ ಯಜಮಾನ ತನ್ನದೇ ಮನೆಗೆ ಬರುವಾಗಲೂ ಸಂಶಯವನ್ನು ಹೊತ್ತು ಬರಬಾರದು ಎಂದ ಮೇಲೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಮಗಳ ಕಿಸೆಯಲ್ಲಿ ಅಡಗಿ ಕೂರುವುದಕ್ಕೆ ಏನೆನ್ನೋಣ?

ಇನ್ನೊಂದು ಪ್ರಶ್ನೆಯನ್ನೂ ಕೇಳದಿರಲಾರೆವು. ಆ್ಯಪ್ ಏಕೆ ಮಗಳ ಫೋನಿಗೆ ಮಾತ್ರ? ರಾತ್ರಿ ಹನ್ನೊಂದರ ಮೇಲೆ ನೈಸ್ ರಸ್ತೆಯ ಆಸುಪಾಸಿನಲ್ಲಿ ಬೈಕ್ ಓಡಿಸುವ ಮಗ ಎಲ್ಲಿದ್ದಾನೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಮಗಳ ಜಾಡು ಮಾತ್ರ ಬೇಕೆನ್ನುವವನಿಗೆ ಬೇಕಾಗಿರುವುದು ಸುರಕ್ಷೆಯಲ್ಲ, ಸಮಾಜದೆದುರು ತನ್ನ ಮರ್ಯಾದೆ. ಎರಡೂ ಒಂದೇ ಎಂದು ನಮ್ಮನ್ನು ನಾವೇ ವಂಚಿಸಿಕೊಳ್ಳುವುದು ಬೇಡ. ಪಾರ್ಕಿನಲ್ಲೋ ಹೋಟೆಲಿನಲ್ಲೋ ಕುಳಿತವರನ್ನು ಸುತ್ತುವರಿದು ವೀಡಿಯೊ ಮಾಡುವ ಯುವಕರು ಯಾವ ಸಮುದಾಯದವರೇ ಆಗಲಿ, ಅದು ಅನ್ಯಾಯ. ನಮ್ಮ ಸಮುದಾಯದ ಯುವಕರು ಮಾಡಿದರೂ ಅನ್ಯಾಯವೇ.

ಪ್ರಭುತ್ವಕ್ಕೆ ಕೇಳುವುದನ್ನು ಮನೆಯಲ್ಲಿ ಕೊಡೋಣ

ಬಿಂದುವನ್ನು ನಂಬಿ ತೀರ್ಪು ಕೊಡುವುದರ ನೋವು ನಮ್ಮ ಸಮುದಾಯಕ್ಕೆ ಹೊಸದಲ್ಲ. 2020ರ ಏಪ್ರಿಲ್ ನೆನಪಿದೆಯೇ? ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ಸುತ್ತ ಇದ್ದವರನ್ನು ಮೊಬೈಲ್ ಗೋಪುರಗಳ ಮಾಹಿತಿಯಿಂದ ಪತ್ತೆಹಚ್ಚಲು ಹೊರಟಾಗ ಆದದ್ದೇನು? ತಬ್ಲೀಗಿನವರದ್ದೆಂದು ಛತ್ತೀಸ್‌ಗಢದಲ್ಲಿ ಸಿದ್ಧವಾದ 159 ಮಂದಿಯ ಪಟ್ಟಿಯಲ್ಲಿ 108 ಮಂದಿ ಮುಸ್ಲಿಮರೇ ಆಗಿರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಆ ಪ್ರದೇಶದಲ್ಲಿ ಅವರ ಫೋನು ಇತ್ತು, ಅಷ್ಟೇ. ಫೋನು ಎಲ್ಲಿತ್ತೆಂಬುದು ಮನುಷ್ಯ ಏನು ಮಾಡಿದನೆಂಬುದಕ್ಕೆ ಸಾಕ್ಷಿಯಲ್ಲ. ಜೆ.ಪಿ. ನಗರದ ಜೆರಾಕ್ಸ್ ಅಂಗಡಿಯ ಕಥೆಯೂ ಇದುವೇ ಅಲ್ಲವೇ?

ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಸರಕಾರ, ಮನೆಯಲ್ಲೇ ಪ್ರತ್ಯೇಕವಾಸದಲ್ಲಿರುವವರು ಬೆಳಗ್ಗೆ 7ರಿಂದ ರಾತ್ರಿ 10ರ ವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿಯನ್ನು ಸ್ಥಳದ ಗುರುತಿನೊಂದಿಗೆ ಕಳುಹಿಸಬೇಕೆಂದು ಆದೇಶಿಸಿತು. ವಿದೇಶದಿಂದ ಬಂದವರ ಮನೆ ವಿಳಾಸಗಳ ಪಟ್ಟಿಯೂ ಬಹಿರಂಗವಾಯಿತು. ರೋಗ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಮಿತಿ ಬೇಡವೆಂದಾಗುವುದಿಲ್ಲ. ಆರೋಗ್ಯ ಸೇತು ಆ್ಯಪ್ ಬಗ್ಗೆ ನಮ್ಮದೇ ಹೈಕೋರ್ಟ್ 2021ರ ಜನವರಿಯಲ್ಲಿ ಮಧ್ಯಂತರ ಆದೇಶ ನೀಡಿ, ಬಳಕೆದಾರರು ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಅವರ ಮಾಹಿತಿಯನ್ನು ಇತರರೊಂದಿಗೆ ಹಂಚಿಕೊಳ್ಳದಂತೆ ತಡೆಯಿತು. ತಿಳಿದು ಕೊಟ್ಟ ಒಪ್ಪಿಗೆ ಎಂಬ ಮಾತನ್ನು ನೆನಪಿಡಿರಿ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯ ವಿರುದ್ಧ ಕೋರ್ಟಿನ ಮೆಟ್ಟಿಲೇರಿದ ಅವರು 2024ರಲ್ಲಿ ನಿಧನರಾದರು. ಅದೇ ವರ್ಷದ ಜುಲೈ 8ರಂದು ಇನ್ನೊಂದು ತೀರ್ಪು ಬಂತು. ಜಾಮೀನಿನ ಮೇಲೆ ಹೊರಗಿರುವ ಆರೋಪಿಯು ಗೂಗಲ್ ನಕ್ಷೆಯಲ್ಲಿ ತನ್ನ ಸ್ಥಳದ ಗುರುತನ್ನು ತನಿಖಾಧಿಕಾರಿಗೆ ಕಾಣುವಂತೆ ಇಡಬೇಕೆಂಬ ಷರತ್ತನ್ನು ಸುಪ್ರೀಮ್ ಕೋರ್ಟ್ ರದ್ದುಪಡಿಸಿತು. ಆರೋಪಿಯ ಖಾಸಗಿ ಬದುಕಿನೊಳಗೆ ಪೊಲೀಸರು ಸದಾ ಇಣುಕುವಂತಾಗುವ ಷರತ್ತು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದಿತು. ಮಾದಕ ದ್ರವ್ಯ ಮೊಕದ್ದಮೆಯ ಆರೋಪಿಗೂ ಇರುವ ಈ ಘನತೆ, ಯಾವ ಆರೋಪವೂ ಇಲ್ಲದ ನಮ್ಮ ಮಗಳಿಗೆ ಇಲ್ಲವೇ?

ಸೇಫ್ ಸಿಟಿ ಯೋಜನೆಯಡಿ ಬೆಂಗಳೂರಿನ ಬೀದಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ಅಳವಡಿಸಲಾಗಿದೆ. ನಮ್ಮನ್ನು ಸಂಶಯದಿಂದ ನೋಡಬೇಡಿ, ನಮ್ಮ ಮಾಹಿತಿಗೆ ಲೆಕ್ಕ ಕೊಡಿ ಎಂದು ಪ್ರಭುತ್ವಕ್ಕೆ ಹೇಳುವ ಪೂರ್ಣ ಹಕ್ಕು ನಮಗಿದೆ. ಆಳುವವನು ಜನರಲ್ಲಿ ಸಂಶಯವನ್ನೇ ಹುಡುಕತೊಡಗಿದರೆ ಅವರನ್ನು ಕೆಡಿಸುತ್ತಾನೆಂಬ ಪ್ರವಾದಿವಚನದ ಸಾರವೂ ಇದನ್ನೇ ಎತ್ತಿಹಿಡಿಯುತ್ತದೆ. ಆದರೆ ಹೊರಗೆ ಈ ಹಕ್ಕನ್ನು ಕೇಳಿ, ಮನೆಯೊಳಗೆ ಬಂದು ಹೆಂಡತಿ ಮಕ್ಕಳ ಮೇಲೆ ಅದನ್ನೇ ಮಾಡಿದರೆ ನಮ್ಮ ಬೇಡಿಕೆಗೆ ಏನು ತೂಕ ಉಳಿದೀತು?

ದಂಪತಿಗಳ ನಡುವೆ

ಗಂಡ ಹೆಂಡತಿಯ ಫೋನಿನ ಮೇಲೆ, ಹೆಂಡತಿ ಗಂಡನ ಫೋನಿನ ಮೇಲೆ ಕಣ್ಣಿಡುವ ಪ್ರಕರಣಗಳು ನಮ್ಮ ಮುಂದೆ ಸಂಧಾನಕ್ಕೆ ಬರುತ್ತಿವೆ. ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ, ಪತ್ನಿಯೊಂದಿಗೆ ಸಂಬಂಧವಿದೆಯೆಂದು ಪತಿ ಆರೋಪಿಸಿದ ವ್ಯಕ್ತಿಯ ಮೊಬೈಲ್ ಗೋಪುರ ಮಾಹಿತಿಯನ್ನು ತರಿಸಲು ಕೌಟುಂಬಿಕ ನ್ಯಾಯಾಲಯ ಒಪ್ಪಿತ್ತು. ಮೂರನೆಯವರ ಖಾಸಗಿತನವನ್ನು ಹೀಗೆ ಮುರಿಯಲಾಗದೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಗುಟ್ಟಾಗಿ ಧ್ವನಿಮುದ್ರಿಸಿದ ದಂಪತಿಗಳ ಮಾತುಕತೆಯನ್ನು ವಿವಾಹ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ಸುಪ್ರೀಮ್ ಕೋರ್ಟ್ 2025ರ ಜುಲೈನಲ್ಲಿ ಹೇಳಿದ್ದು ನಿಜ. ಆದರೆ ದಂಪತಿಗಳು ಒಬ್ಬರ ಮೇಲೊಬ್ಬರು ಬೇಹು ನಡೆಸುವ ಹಂತ ಬಂದಿದ್ದರೆ ಅದು ಸಂಬಂಧ ಮುರಿದಿರುವುದರ ಲಕ್ಷಣವೆಂದು ಅದೇ ತೀರ್ಪು ಗುರುತಿಸಿದೆ. ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದು ಬೇರೆ, ಸಂಸಾರವನ್ನು ಉಳಿಸುವುದು ಬೇರೆ. ಸಂಶಯವಿದ್ದರೆ ಎದುರು ಕುಳಿತು ಮಾತಾಡಿ. ಆಗದಿದ್ದರೆ ಎರಡೂ ಕಡೆಯ ಒಬ್ಬೊಬ್ಬ ಹಿರಿಯರನ್ನು ಕೂರಿಸಿಕೊಳ್ಳಿ. ಕುರ್‌ಆನ್ ತೋರಿದ ದಾರಿ ಅದು.

ಮಹಿಳೆಯೊಬ್ಬಳ ಇಂಟರ್‌ನೆಟ್ ಮತ್ತು ಫೋನ್ ಬಳಕೆಯ ಮೇಲೆ ಪುರುಷನು ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿದೆ. ಸೋದರಮಾವನ ಮಗನೋ, ನಿಶ್ಚಿತಾರ್ಥವಾದ ವರನೋ ‘ಕಾಳಜಿಯಿಂದ ಮಾಡಿದೆ’ ಎಂದು ಹೇಳಿ ಪಾರಾಗಬಹುದೆಂದು ಭಾವಿಸಬಾರದು.

ಮೂರನೆಯ ಕಣ್ಣು

ನಡುವೆ ಇರುವ ಕಂಪೆನಿಯ ಮಾತು ಬಾಕಿಯಿದೆ. 2020ರ ನವೆಂಬರ್‌ನಲ್ಲಿ ಹೊರಬಿದ್ದ ಒಂದು ಸುದ್ದಿ ಜಗತ್ತಿನ ಮುಸ್ಲಿಮರನ್ನು ಬೆಚ್ಚಿಬೀಳಿಸಿತು. ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸಲು ಕೋಟ್ಯಂತರ ಜನ ಬಳಸುತ್ತಿದ್ದ ಮುಸ್ಲಿಮ್ ಪ್ರೊ ಆ್ಯಪ್‌ನಿಂದ ಬಳಕೆದಾರರ ಸ್ಥಳ ಮಾಹಿತಿ ಎಕ್ಸ್‌-ಮೋಡ್ ಎಂಬ ವ್ಯಾಪಾರಿ ಸಂಸ್ಥೆಗೆ ಹೋಗುತ್ತಿತ್ತು. ಆ ಸಂಸ್ಥೆ ಅಮೆರಿಕದ ರಕ್ಷಣಾ ಗುತ್ತಿಗೆದಾರರಿಗೆ ಮಾಹಿತಿ ಮಾರುತ್ತಿತ್ತು. ಸುದ್ದಿ ಬಂದ ಬಳಿಕ ಮುಸ್ಲಿಮ್ ಪ್ರೊ ಆ ಸಂಬಂಧವನ್ನು ಕಡಿದುಕೊಂಡಿತು. ಆರಾಧನಾಲಯ, ಆಸ್ಪತ್ರೆಗಳಂತಹ ಸೂಕ್ಷ್ಮ ತಾಣಗಳಿಗೆ ಜನ ಹೋಗಿಬಂದ ಮಾಹಿತಿಯನ್ನು ಮಾರದಂತೆ ಎಕ್ಸ್‌-ಮೋಡ್‌ಗೆ ಅಮೆರಿಕದ ವ್ಯಾಪಾರ ಆಯೋಗ 2024ರಲ್ಲಿ ನಿರ್ಬಂಧ ವಿಧಿಸಿತು. ಕಾಬಾದ ದಿಕ್ಕು ಕೇಳಿದವನ ದಿಕ್ಕನ್ನೇ ಮಾರಿದ ಕಾಲವಿದು!

ಕುಟುಂಬ ಸುರಕ್ಷೆಗೆಂದೇ ಇರುವ ಲೈಫ್360 ಎಂಬ ಪ್ರಸಿದ್ಧ ಆ್ಯಪ್ ಕೂಡ, ಮಕ್ಕಳೂ ಸೇರಿದಂತೆ ಬಳಕೆದಾರರ ಸ್ಥಳ ಮಾಹಿತಿಯನ್ನು ವ್ಯಾಪಾರಿಗಳಿಗೆ ಮಾರುತ್ತಿತ್ತೆಂದು 2021ರ ಡಿಸೆಂಬರ್‌ನಲ್ಲಿ ವರದಿಯಾಯಿತು. ನಿಖರ ಮಾಹಿತಿಯ ಮಾರಾಟವನ್ನು ಬಹುಮಟ್ಟಿಗೆ ನಿಲ್ಲಿಸುವುದಾಗಿ ಮರುವರ್ಷ ಅದು ಘೋಷಿಸಬೇಕಾಯಿತು. ಹೆಸರಿರುವ ಕಂಪೆನಿಗಳ ಕಥೆ ಹೀಗಿರುವಾಗ, ಅಂಗಡಿಯವನು ಕದ್ದುಮುಚ್ಚಿ ಹಾಕಿಕೊಡುವ ಹೆಸರಿಲ್ಲದ ಆ್ಯಪ್ ಯಾರ ಕೈಯಲ್ಲಿದೆಯೆಂದು ಬಲ್ಲವರಾರು? ಅದನ್ನು ಹಾಕಲು ಫೋನಿನ ರಕ್ಷಣಾ ವ್ಯವಸ್ಥೆಯನ್ನೇ ಸಡಿಲಿಸಬೇಕಾಗುತ್ತದೆ. ಮಗಳ ಚಿತ್ರ, ಸಂದೇಶಗಳ ಬಾಗಿಲೂ ಅದರೊಂದಿಗೆ ತೆರೆದುಕೊಳ್ಳುತ್ತದೆ. ಮಗಳನ್ನು ಕಾಯಲೆಂದು ಮನೆಯ ಕೀಲಿಕೈಯನ್ನು ದಾರಿಹೋಕನಿಗೆ ಕೊಟ್ಟಂತೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಮನೆಯವರೆಲ್ಲ ಒಂದು ಸಂಜೆ ಒಟ್ಟಿಗೆ ಕುಳಿತು ಮಾತಾಡಬೇಕು. ಯಾರಿಗೆ ಕಾಣಬೇಕು, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಎಂಬುದು ಎಲ್ಲರಿಗೂ ತಿಳಿದಿರಬೇಕು. ಹೇಳದೆ ಹಾಕುವುದು ಬೇಡ.

ಎರಡನೆಯದಾಗಿ, ಮಕ್ಕಳ ಸ್ಥಳ ಹೆತ್ತವರಿಗೆ ಕಾಣುವುದಾದರೆ ಹೆತ್ತವರದ್ದೂ ಮಕ್ಕಳಿಗೆ ಕಾಣಲಿ. ಅಂಗಡಿ ಮುಚ್ಚಿ ರಾತ್ರಿ ಮರಳುವ ತಂದೆಗಾಗಿಯೂ ಮನೆಯಲ್ಲಿ ಕಾಯುವವರಿದ್ದಾರೆ. ಮಗ, ಮಗಳೆಂಬ ಭೇದ ಬೇಡ.

ಮೂರನೆಯದಾಗಿ, ಸದಾಕಾಲದ ಕಣ್ಣು ಬೇಡ. ವಾಟ್ಸ್‌ಆ್ಯಪ್‌ನಲ್ಲಿ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಮಾತ್ರ ಸ್ಥಳ ಹಂಚುವ ಸೌಲಭ್ಯವಿದೆ. ಆಟೊ ಹತ್ತಿದಾಗ ಹಂಚಿದರೆ ಅವಧಿ ಮುಗಿದೊಡನೆ ತಾನಾಗಿ ನಿಲ್ಲುತ್ತದೆ. ಹೆಚ್ಚಿನ ಕುಟುಂಬಗಳಿಗೆ ಇಷ್ಟೇ ಸಾಕು. ಬ್ಯಾಟರಿಯೂ ಉಳಿಯುತ್ತದೆ. ಬ್ಯಾಟರಿ ಮುಗಿದ ಫೋನು ಯಾವ ಆಪತ್ತಿಗೂ ಒದಗದು.

ನಾಲ್ಕನೆಯದಾಗಿ, ವಯಸ್ಸಿಗೆ ತಕ್ಕ ಅಳತೆ ಇರಲಿ. ಪುಟ್ಟ ಮಕ್ಕಳಿಗೆ ಮತ್ತು ನೆನಪು ಕ್ಷೀಣಿಸಿದ ಹಿರಿಯರಿಗೆ ಹೆಚ್ಚಿನ ಕಾವಲು ಬೇಕು. ಬೆಳೆದ ಮಕ್ಕಳಿಗೆ ವರ್ಷದಿಂದ ವರ್ಷಕ್ಕೆ ಸಡಿಲವಾಗಬೇಕು.

ಐದನೆಯದಾಗಿ, ಬಿಂದು ಅಪರಿಚಿತ ಜಾಗದಲ್ಲಿ ಕಂಡರೆ ಮೊದಲ ಮಾತು “ಬೇಟಾ, ಕ್ಷೇಮವೇ?” ಎಂದಿರಲಿ. “ಅಲ್ಲೇಕೆ ಹೋದೆ?” ಎಂಬುದು ಮನೆಗೆ ಬಂದ ಮೇಲೆ, ಒಬ್ಬರೇ ಇರುವಾಗ ಕೇಳುವ ಮಾತು. ಬಂಧುಗಳ ಗುಂಪಿಗೆ ಆ ನಕ್ಷೆಯನ್ನು ಕಳುಹಿಸುವುದಂತೂ ಅಮಾನತ್‌ನಲ್ಲಿ ಮಾಡುವ ದ್ರೋಹ.

ಆರನೆಯದಾಗಿ, ತಿಂಗಳಿಗೊಮ್ಮೆ ಫೋನಿನ ಸೆಟ್ಟಿಂಗ್ಸ್ ತೆರೆದು ಯಾವ ಯಾವ ಆ್ಯಪ್‌ಗಳಿಗೆ ಸ್ಥಳದ ಅನುಮತಿ ಇದೆಯೆಂದು ನೋಡಿರಿ. ಅಗತ್ಯವಿಲ್ಲದವುಗಳಿಗೆ ತೆಗೆದುಹಾಕಿ, ಉಳಿದವುಗಳಿಗೆ ‘ಬಳಸುವಾಗ ಮಾತ್ರ’ ಎಂದಿಡಿ.

ಏಳನೆಯದಾಗಿ, 112 ಸಂಖ್ಯೆಯನ್ನು ಮನೆಯ ಪ್ರತಿಯೊಬ್ಬರಿಗೂ ಕಲಿಸಿರಿ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಸಾದಾ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬುದು 2016ರ ನಿಯಮ. ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಎಷ್ಟು ಸಲ ಒತ್ತಬೇಕೆಂದು ಇಂದೇ ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಆಪತ್ತು ಬಂದಾಗ ಹುಡುಕಲು ಸಮಯವಿರುವುದಿಲ್ಲ.

ಕೊನೆಯದಾಗಿ ಬಡಾವಣೆಯ ಮಾತು. ಬಿಂದು ನಿಂತುಬಿಟ್ಟಿತು ಎಂದಿಟ್ಟುಕೊಳ್ಳಿ. ಹೋಗುವವರು ಯಾರು? ತಂದೆ ದುಬೈಯಲ್ಲಿದ್ದಾನೆ, ಅಣ್ಣ ಪಾಳಿಯಲ್ಲಿದ್ದಾನೆ. ನಕ್ಷೆಯಲ್ಲಿ ಎಲ್ಲವೂ ಕಾಣುತ್ತಿದೆ, ಕೈಚಾಚುವವರಿಲ್ಲ. ಆದ್ದರಿಂದ ಪ್ರತಿ ಬೀದಿಯಲ್ಲಿ, ಕರೆದರೆ ಓಡಿಬರುವ ನಾಲ್ಕು ಮನೆಗಳ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು. ಆ ನಾಲ್ಕರಲ್ಲಿ ಎಲ್ಲ ಧರ್ಮದವರೂ ಇರಲಿ. ಹಿರಿಯರನ್ನು ಕರೆತಂದ ಚಹಾದಂಗಡಿಯ ಸಹೋದರನನ್ನು ಮರೆಯದಿರೋಣ. ಉರಿಯದ ಬೀದಿದೀಪ, ನೆರಳಿಲ್ಲದ ಬಸ್ ನಿಲ್ದಾಣಗಳ ಬಗ್ಗೆ ಮಸೀದಿಯ ಆಡಳಿತ ಸಮಿತಿಗಳೂ ನೆರೆಹೊರೆಯ ಸಂಘಗಳೂ ಒಟ್ಟಾಗಿ ಅರ್ಜಿ ಸಲ್ಲಿಸಲಿ. ಮಗಳ ಫೋನಿನಲ್ಲಿ ಆ್ಯಪ್ ಹಾಕಲು ಐದು ನಿಮಿಷ ಸಾಕು. ಅವಳು ನಡೆಯುವ ದಾರಿಯಲ್ಲಿ ಒಂದು ದೀಪ ಹಾಕಿಸಲು ಐದು ತಿಂಗಳ ಓಡಾಟ ಬೇಕಾಗಬಹುದು. ಅದರ ಬೆಳಕು ಮಾತ್ರ ಎಲ್ಲರ ಮಗಳಿಗೂ ಸಿಗುತ್ತದೆ.

ಪ್ರಶ್ನೆ ಕೇಳಿದ ಆ ತಾಯಿ ಇಲ್ಲೇ ಇದ್ದಾರೆಂದು ನಾವು ಬಲ್ಲೆವು. ಅಮ್ಮಾ, ಇಂದು ರಾತ್ರಿ ಊಟದ ನಂತರ ಮಗಳನ್ನು ಬಳಿ ಕೂರಿಸಿಕೊಳ್ಳಿ. ‘ನನಗೆ ಭಯವಾಗುತ್ತದೆ’ ಎಂದು ಹೇಳಿ. ಅವಳ ಫೋನನ್ನು ಕಸಿದುಕೊಳ್ಳಬೇಡಿ, ನಿಮ್ಮ ಫೋನನ್ನು ಅವಳ ಕೈಗೆ ಕೊಟ್ಟು, ‘ಇದರಲ್ಲಿ ಹೇಗೆ ನೋಡುವುದು, ನೀನೇ ಕಲಿಸು’ ಎನ್ನಿ. ಬಹುಶಃ ಅವಳೇ ಹಾಕಿಕೊಡುತ್ತಾಳೆ. ಆಗ ಆ ಬಿಂದು ಅವಳ ಮೇಲಿನ ಕಾವಲಾಗದೆ ಅವಳು ನಿಮಗೆ ಒಪ್ಪಿಸಿದ ಅಮಾನತ್ ಆಗುತ್ತದೆ. ಅಮಾನತ್‌ನ ಲೆಕ್ಕವನ್ನು ನಾಳೆ ನಾವೆಲ್ಲರೂ ಒಪ್ಪಿಸಬೇಕಾಗಿದೆ.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ನಮ್ಮ ಹೃದಯಗಳನ್ನು ಗುಮಾನಿಯಿಂದ ರಕ್ಷಿಸಲಿ. ಆಮೀನ್.